ದನಿಯಲ್ಲಿ ಕಟ್ಟಿದ ಪರದೇಶ

ಹಳೆಯ ಟಾಕಿಗಳನ್ನು ಹೊಗಳಿದಾಗಲೆಲ್ಲ ಒಂದೇ ಆಕ್ಷೇಪ ಬರುತ್ತದೆ: ಅವು ಸಿನಿಮಾಗಳೇ ಅಲ್ಲ, ಕ್ಯಾಮೆರಾ ಎದುರು ಆಡಿದ ನಾಟಕಗಳು. ಹೀಗೆನ್ನುವವರು ಹೆಚ್ಚಾಗಿ ಫಿಲ್ಮ್ ಸೊಸೈಟಿಗಳಲ್ಲಿ ಕಣ್ಣು ಪಳಗಿಸಿಕೊಂಡವರು. ಅಡೂರ್ ಗೋಪಾಲಕೃಷ್ಣನ್ ಮತ್ತು ಗೆಳೆಯರು 1965ರಲ್ಲಿ ತಿರುವನಂತಪುರದಲ್ಲಿ ಚಿತ್ರಲೇಖಾ ಸೊಸೈಟಿ ಕಟ್ಟಿದ ಮೇಲೆ ಕೇರಳ ಸಿನಿಮಾ ನೋಡುವ ಬಗೆಯೇ ಬದಲಾಯಿತು. ಕಳಮಶ್ಶೇರಿಯಂಥ ಕಾರ್ಖಾನೆಗಳ ಊರಿನಲ್ಲೂ ಸೋವಿಯತ್ ನಿರ್ದೇಶಕ ಐಸೆನ್‌ಸ್ಟೈನ್ ಹೆಸರು ಹೇಳಿ ವಾದಕ್ಕೆ ಕೂರುವವರು ಸಿಗುತ್ತಾರೆ. ಆ ಚಳವಳಿಯ ಋಣ ನನ್ನ ಮೇಲೂ ಇದೆ. ಆದರೆ ಆ ಶಾಲೆಯಲ್ಲಿ ಕಲಿತವರಲ್ಲಿ ಬಹಳ ಮಂದಿ ಕಣ್ಣನ್ನು ಪಟ್ಟಕ್ಕೇರಿಸುವ ಭರದಲ್ಲಿ ಕಿವಿಯನ್ನು ಹೊರಗೆ ನಿಲ್ಲಿಸಿಬಿಟ್ಟರು. ಮಾತು ಬಂದದ್ದೇ ಸಿನಿಮಾ ಕೆಟ್ಟಿತು ಎಂಬ ಅವರ ತೀರ್ಪನ್ನು ನಾನು ಒಪ್ಪಿಲ್ಲ, ಒಪ್ಪುವುದೂ ಇಲ್ಲ.

ನನ್ನ ಸಾಕ್ಷಿ 1929ರ ‘ದೇ ಹ್ಯಾಡ್ ಟು ಸೀ ಪ್ಯಾರಿಸ್’. ಫಾಕ್ಸ್ ಕಂಪನಿಯ ಚಿತ್ರ, ವಿಲ್ ರೋಜರ್ಸ್‌ಗೆ ಮೊದಲ ಟಾಕಿ. ಒಕ್ಲಹೋಮಾದ ಕ್ಲೇರ್‌ಮೋರ್ ಎಂಬ ಸಣ್ಣ ಊರಿನಲ್ಲಿ ಗ್ಯಾರೇಜು ನಡೆಸುವ ಪೈಕ್ ಪೀಟರ್ಸ್‌ಗೆ ಎಣ್ಣೆಬಾವಿಯ ಅದೃಷ್ಟ ಖುಲಾಯಿಸುತ್ತದೆ. ದುಡ್ಡು ಬಂದ ಮೇಲೆ ಹೆಂಡತಿಗೆ ಪ್ಯಾರಿಸ್ ನೋಡಲೇಬೇಕು, ಮಕ್ಕಳಿಗೆ ನಯನಾಜೂಕು ಕಲಿಸಲೇಬೇಕು. ಹೊರಟಿತು ಸಂಸಾರ. ಮಗಳಿಗೆ ಒಬ್ಬ ಫ್ರೆಂಚ್ ಕುಲೀನ ಗಂಟು ಬೀಳುತ್ತಾನೆ, ಮದುವೆಗೆ ವರದಕ್ಷಿಣೆಯ ಲೆಕ್ಕ ಶುರುವಾಗುತ್ತದೆ. ಮಗ ಕಲಾವಿದನಾಗಲು ಹೋಗುತ್ತಾನೆ. ಕೊನೆಗೆ ಮನೆಯವರನ್ನು ಊರಿಗೆ ಹೊರಡಿಸಲು ಪೈಕ್ ಹೂಡುವ ಉಪಾಯ ಒಂದೇ: ಕ್ಲೋದಿನ್ ಎಂಬ ಹಾಡುಗಾತಿಯ ಜೊತೆ ತನಗೆ ಸಂಬಂಧವಿದೆ ಎಂದು ನಟಿಸುವುದು.

ಕತೆ ಇಷ್ಟೇ, ಹೊಸತೇನಲ್ಲ. ಹೊಸತಿರುವುದು ರೋಜರ್ಸ್‌ನ ಮಾತಿನಲ್ಲಿ. ಈತ ಅಮೆರಿಕದ ಮೂಲನಿವಾಸಿಗಳಾದ ಚೆರೊಕೀ ಮೂಲದವನು. ಹಗ್ಗದ ಕುಣಿಕೆ ಬೀಸುತ್ತ ಅಂದಂದಿನ ಸುದ್ದಿಯ ಮೇಲೆ ಹರಟುತ್ತ ನ್ಯೂಯಾರ್ಕಿನ ಜೀಗ್‌ಫೆಲ್ಡ್ ರಂಗಮಂಚದಲ್ಲಿ ಹೆಸರು ಮಾಡಿದ್ದ. ಮೂಕಿ ಚಿತ್ರಗಳಲ್ಲಿ ವರ್ಷಗಟ್ಟಲೆ ನಟಿಸಿದರೂ ದೊಡ್ಡ ತಾರೆಯಾಗಲಿಲ್ಲ. ಆಗುವುದಾದರೂ ಹೇಗೆ? ಆತನ ಹಾಸ್ಯ ಇದ್ದದ್ದು ಮಾತನ್ನು ಎಳೆಯುವ ಕ್ರಮದಲ್ಲಿ, ಅರ್ಧಕ್ಕೆ ನಿಲ್ಲಿಸುವುದರಲ್ಲಿ, ಗಂಟಲಲ್ಲೇ ಗೊಣಗುವುದರಲ್ಲಿ. ಚಿತ್ರೀಕರಣದಲ್ಲೂ ಬರೆದುಕೊಟ್ಟ ಮಾತನ್ನು ಹಾಗೇ ಒಪ್ಪಿಸುವ ಆಸಾಮಿ ಅಲ್ಲ. ತೋಚಿದ್ದನ್ನು ಸೇರಿಸುತ್ತಿದ್ದ, ತನ್ನ ಸರದಿ ಯಾವಾಗ ಬರುತ್ತದೆಂದು ಎದುರಿನ ನಟರು ಕಾದಿರಬೇಕಿತ್ತು. ಆ ಕಾಯುವಿಕೆ ತೆರೆಯ ಮೇಲೂ ಗೊತ್ತಾಗುತ್ತದೆ. ಊರ ಗ್ಯಾರೇಜಿನ ಮನುಷ್ಯ ಬಾಯಿ ತೆರೆದರೆ ಏನು ಅನಾಹುತವೋ ಎಂದು ಪ್ಯಾರಿಸ್ಸಿನ ದೊಡ್ಡವರು ಕಾಯುವುದೇ ಕತೆಯಾದ್ದರಿಂದ ಅದು ಚಿತ್ರಕ್ಕೆ ಒಪ್ಪುತ್ತದೆ.

ಆಗಿನ ಕ್ಯಾಮೆರಾ ಸದ್ದು ಹೊರಬಾರದಂತೆ ಮುಚ್ಚಿದ ಪೆಟ್ಟಿಗೆಯೊಳಗೆ ಕೂತಿರುತ್ತಿತ್ತು, ಮೈಕ್ ಇದ್ದಲ್ಲಿಗೆ ನಟರು ಬರಬೇಕಿತ್ತು. ನಿಜ, ಇದರಿಂದ ಚಲನೆ ಸೊರಗಿತು. ಆದರೆ ನಿರ್ದೇಶಕ ಫ್ರಾಂಕ್ ಬೊರ್ಜೇಗಿ ಏನು ಮೂಕಿಯ ವ್ಯಾಕರಣ ತಿಳಿಯದವನೇ? ಎರಡು ವರ್ಷ ಹಿಂದಷ್ಟೇ ‘ಸೆವೆಂತ್ ಹೆವನ್’ ತೆಗೆದು, ಅದಕ್ಕಾಗಿ ಮೊದಲ ಆಸ್ಕರ್ ಸಮಾರಂಭದಲ್ಲೇ ನಿರ್ದೇಶಕನ ಪ್ರಶಸ್ತಿ ಪಡೆದವನು. ಅದೂ ಪ್ಯಾರಿಸ್ಸಿನ ಕತೆ, ಸ್ಟುಡಿಯೋದಲ್ಲಿ ಬೆಳಕು ನೆರಳಿನಿಂದ ಕಟ್ಟಿದ ಪ್ಯಾರಿಸ್. ಅದೇ ಕೈ ಈಗ ಪ್ಯಾರಿಸ್ಸನ್ನು ದನಿಯಿಂದ ಕಟ್ಟಿತು. ಕ್ಲೋದಿನ್ ಪಾತ್ರ ಮಾಡಿದ ಫಿಫಿ ಡೋರ್ಸೆ ಕೆನಡಾದ ಮಾಂಟ್ರಿಯಲ್‌ನವಳು. ಪ್ಯಾರಿಸ್ ಚೆಲುವೆ ಎಂದು ಲೋಕವೆಲ್ಲ ನಂಬಿದ ಆಕೆ ಪ್ಯಾರಿಸ್ ಕಂಡವಳೇ ಅಲ್ಲ. ಆಕೆಯ ನಾಲಗೆಯ ಮೇಲಿನ ಫ್ರೆಂಚ್ ಛಾಯೆಯ ಇಂಗ್ಲಿಷೇ ಸಾಕಾಯಿತು, ಪ್ರೇಕ್ಷಕ ಅಟ್ಲಾಂಟಿಕ್ ದಾಟಿಬಿಟ್ಟ.

  ಇದನ್ನು ಬರೆಯುತ್ತ ಕೂತಾಗ ಮನಸ್ಸು ತಿರುವನಂತಪುರದ ಕಡೆ ಎಳೆಯಿತು.

ಪೈಕ್ ಪೀಟರ್ಸ್ ಪ್ಯಾರಿಸ್‌ಗೆ ಹೊರಟ ಆಸುಪಾಸಿನಲ್ಲೇ ನಮ್ಮ ಕಡೆಯ ತೆರೆಯ ಮೇಲೂ ಒಬ್ಬ ಕಡಲು ದಾಟಿದ. ಜೆ.ಸಿ. ಡೇನಿಯಲ್ ಆಸ್ತಿ ಮಾರಿ ತಿರುವನಂತಪುರದಲ್ಲಿ ತೆಗೆದ ‘ವಿಗತಕುಮಾರನ್’ ಎಂಬ ಮೂಕಿ ಚಿತ್ರ. ಅದು ತೆರೆಕಂಡದ್ದು 1928ರಲ್ಲೋ 1930ರಲ್ಲೋ ಎಂಬ ಜಗಳ ಇತಿಹಾಸಕಾರರಿಗೆ ಬಿಟ್ಟದ್ದು. ಕತೆಯಲ್ಲಿ ತಿರುವಾಂಕೂರಿನ ಸಿರಿವಂತರ ಮಗನನ್ನು ಕದ್ದು ಸಿಲೋನಿಗೆ ಒಯ್ಯುತ್ತಾರೆ, ಅಲ್ಲಿ ಅವನು ಎಸ್ಟೇಟಿನ ಕೂಲಿಯಾಗಿ ಬೆಳೆಯುತ್ತಾನೆ. ಅಮೆರಿಕದ ಸಂಸಾರಕ್ಕೆ ಹಡಗು ಎಂದರೆ ಮೋಜು. ನಮಗೆ ಅದು ಮಗನನ್ನು ಕಳೆದುಕೊಳ್ಳುವ ದಾರಿ. ತೋಟಗಳ ಕೂಲಿಗೆಂದು ಸಾವಿರಾರು ಜನ ಸಿಲೋನು, ಮಲಯಾಗಳಿಗೆ ಹೋಗಿದ್ದ ನಾಡಿನಲ್ಲಿ ವಿದೇಶಯಾತ್ರೆ ನಗೆಯ ವಸ್ತುವಾಗುವ ಕಾಲ ಇನ್ನೂ ಬಂದಿರಲಿಲ್ಲ. ಆ ಚಿತ್ರವೇ ಈಗ ಉಳಿದಿಲ್ಲ. ನಾಯಕಿಯಾಗಿ ನಟಿಸಿದ ದಲಿತ ಹೆಣ್ಣುಮಗಳು ಪಿ.ಕೆ. ರೋಸಿಯನ್ನು ಜಾತಿಯವರ ಸಿಟ್ಟು ಊರು ಬಿಡಿಸಿತು. ಇದನ್ನು ನೆನೆಯದೆ ಮುಂದಿನ ಸಾಲಿಗೆ ಹೋಗಲು ನನ್ನಿಂದಾಗದು.

ಮಾತು ಬಂದಾಗ ನಮ್ಮ ಸಿನಿಮಾವೇ ಪರಊರಿಗೆ ಹೊರಡಬೇಕಾಯಿತು. ಧ್ವನಿಮುದ್ರಣದ ಸೌಕರ್ಯ ಮನೆಯಲ್ಲಿರಲಿಲ್ಲ. 1934ರ ‘ಸತಿ ಸುಲೋಚನ’ಕ್ಕಾಗಿ ಕನ್ನಡದ ನಟರು ಕೊಲ್ಹಾಪುರಕ್ಕೆ ಹೋದರು, 1938ರ ‘ಬಾಲನ್’ಗಾಗಿ ಮಲಯಾಳಿಗಳು ಸೇಲಂನ ಮಾಡರ್ನ್ ಥಿಯೇಟರ್ಸ್‌ಗೆ ಹೋದರು. ಕಂಪನಿ ನಾಟಕದ ಹಾಡು ಮಾತುಗಳನ್ನೇ ಗಂಟು ಕಟ್ಟಿಕೊಂಡು ಹೋದವರು ಅವರು. ಆ ಗಂಟನ್ನು ಸಿನಿಮಾ ಅಲ್ಲ ಎಂದು ಬದಿಗೆ ಸರಿಸುವವರು ಅದರಿಂದ ನಮಗೆ ಸಿಕ್ಕ ಮಾತಿನ ಹಾಸ್ಯದ ಪರಂಪರೆಯನ್ನೂ ಸರಿಸುತ್ತಾರೆ.

ಆ ಪರಂಪರೆಗೆ ಕೇರಳದ ಪೂರ್ಣಫಲ ಸತ್ಯನ್ ಅಂತಿಕ್ಕಾಡ್ ನಿರ್ದೇಶಿಸಿ ಶ್ರೀನಿವಾಸನ್ ಬರೆದ ‘ನಾಡೋಡಿಕ್ಕಾಟ್ಟ್’ (1987). ದಾಸನ್, ವಿಜಯನ್ ಇಬ್ಬರೂ ದುಬೈಗೆಂದು ದುಡ್ಡು ಕೊಟ್ಟು ಗಫೂರನ ದೋಣಿ ಹತ್ತುತ್ತಾರೆ. ಇಳಿದು, ಅರಬ್ಬರ ನಿಲುವಂಗಿ ತೊಟ್ಟು, ನೆಟ್ಟಗೆ ನಡೆಯುತ್ತಾರೆ. ತಮಿಳು ಎದುರಾದಾಗ ಗೊತ್ತಾಗುತ್ತದೆ, ಇಳಿದದ್ದು ಮದರಾಸಿನ ಕಡಲದಂಡೆಯಲ್ಲಿ ಎಂದು. ಪರದೇಶಕ್ಕೆ ಹೋಗದೆಯೇ ಪರದೇಶದ ಅತ್ಯುತ್ತಮ ಹಾಸ್ಯ! ಕೊಲ್ಲಿಯ ಸಂಬಳದ ಮೇಲೆ ನಿಂತ ಪ್ರತಿ ಮನೆಯ ಭಯವೂ ಆಸೆಯೂ ಅದರಲ್ಲಿದೆ. ಡೇನಿಯಲ್ ಕಂಡ ಅದೇ ನೋವು ಇಲ್ಲಿ ನಗೆಯಾಗಿ ಮರಳಿದೆ.

ಕನ್ನಡದ್ದು ಬೇರೆ ದಾರಿ. ‘ಸಿಂಗಾಪುರದಲ್ಲಿ ರಾಜಾ ಕುಳ್ಳ’ 1978ರಲ್ಲಿ ಕಡಲಾಚೆ ಹೋಗಿ ಜನರನ್ನು ರಂಜಿಸಿತು. ಆಮೇಲೆ ಬಂದವರಲ್ಲಿ ಹಲವರು ಸಾಹಸವನ್ನು ಬಿಟ್ಟು ಸ್ಥಳವನ್ನಷ್ಟೇ ಹಿಡಿದುಕೊಂಡರು. ಹಿಮದ ಬೆಟ್ಟ, ಟುಲಿಪ್ ಹೂವು, ಹಿನ್ನೆಲೆಯಲ್ಲಿ ರೆಕಾರ್ಡಿಂಗ್ ಕೋಣೆಯ ಹಾಡು. ಆ ದೇಶದ ಒಬ್ಬ ಮನುಷ್ಯನ ದನಿಯೂ ಕಿವಿಗೆ ಬೀಳುವುದಿಲ್ಲ. ಇದಕ್ಕಿಂತ ಫಿಫಿ ಡೋರ್ಸೆಯ ಸುಳ್ಳು ಪ್ಯಾರಿಸ್ ಎಷ್ಟೋ ನಿಜ.

ನಮ್ಮ ಸಾಹಿತ್ಯ ಈ ವಿಷಯದಲ್ಲಿ ಮುಂದಿತ್ತು. ಗೊರೂರರ ‘ಅಮೆರಿಕಾದಲ್ಲಿ ಗೊರೂರು’ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು, ಎ.ಎನ್. ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’ಯೂ ಮನೆಮಾತು. ಈಗಂತೂ ಮಗಳ ಬಾಣಂತನಕ್ಕೆಂದು ಲೇಹ್ಯ, ಸಾರಿನ ಪುಡಿ ಕಟ್ಟಿಕೊಂಡು ಆರು ತಿಂಗಳಿಗೆ ಹೊರಡುವ ಅಪ್ಪ ಅಮ್ಮಂದಿರು ಬೀದಿಗೊಬ್ಬರಿದ್ದಾರೆ. ವಿಮಾನ ನಿಲ್ದಾಣದ ಅಧಿಕಾರಿಗೆ ಲೇಹ್ಯ ಏನೆಂದು ವಿವರಿಸುವ ಅಮ್ಮ, ಪಕ್ಕದಲ್ಲಿ ನಿಂತು ಅವಳನ್ನು ತಿದ್ದುವ ಅಪ್ಪ: ಇಂಥ ಚಿತ್ರವೊಂದನ್ನು ಕನ್ನಡದಲ್ಲಿ ಯಾರಾದರೂ ತೆಗೆಯಲಿ. ಅದಕ್ಕೆ ನ್ಯೂಜೆರ್ಸಿಗೆ ಯೂನಿಟ್ ಒಯ್ಯಬೇಕಿಲ್ಲ. ಡಬ್ಬಿಂಗ್ ಬಿಟ್ಟು ಸ್ಥಳದಲ್ಲೇ ಮಾತು ಹಿಡಿಯುವ ಧ್ವನಿಗ್ರಾಹಕ, ಮಂಡ್ಯದ ಅಥವಾ ಧಾರವಾಡದ ಮಾತು ಬಲ್ಲ ಸಂಭಾಷಣೆಕಾರ, ಬೆಂಗಳೂರಿನಲ್ಲೇ ಹಾಕಿದ ಒಂದು ಅಡುಗೆಮನೆಯ ಸೆಟ್ ಸಾಕು.