‘ನರಾವತಾರ’ವೆಂಬ ಮಾತು: ಕ್ರಿಸ್ತಜಯಂತಿಯ ಅರ್ಥವನ್ನು ಕುರಿತು ಒಂದು ವಿಮರ್ಶೆ

ರೋಮನ್ ಸಾಮ್ರಾಜ್ಯದ ಇತಿಹಾಸವನ್ನು ಬೋಧಿಸುತ್ತ ಕ್ರೈಸ್ತಮತದ ಉದಯಕ್ಕೆ ಬಂದಾಗಲೆಲ್ಲ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಒಂದು ಮಾತು ತಪ್ಪದೆ ಕಾಣಿಸಿಕೊಳ್ಳುತ್ತದೆ: ಲೋಕದಲ್ಲಿ ಅಧರ್ಮವು ಹೆಚ್ಚಿದುದರಿಂದ ದೇವರು ಯೇಸುಕ್ರಿಸ್ತನಾಗಿ ಅವತರಿಸಿದನು ಎಂದು. ತಪ್ಪು ಅವರದಲ್ಲ, ನಾವೇ ಹಲವು ವರ್ಷ ಹಾಗೆ ಹೇಳಿಕೊಟ್ಟೆವು. ಕೇಳುವವರಿಗೆ ಸುಲಭವಾಗಿ ತಿಳಿಯಲಿ ಎಂಬುದೊಂದೇ ನಮ್ಮ ಉದ್ದೇಶವಾಗಿತ್ತು. ಒಮ್ಮೆ ಭದ್ರಾವತಿಯಿಂದ ಬರುತ್ತಿದ್ದ ಕ್ರೈಸ್ತ ವಿದ್ಯಾರ್ಥಿನಿಯೊಬ್ಬಳು ಪಾಠ ಮುಗಿದ ಮೇಲೆ ಬಂದು, “ಆತನು ಮತ್ತೆ ಬರುವನೆಂದು ನಾವು ನಂಬುತ್ತೇವೆ, ಸಾರ್; ಮತ್ತೆ ಹುಟ್ಟುವನೆಂದು ನಂಬುವುದಿಲ್ಲ” ಎಂದಳು. ಪ್ರಕೃತ ಲೇಖನವು ಆ ಮಾತಿನಿಂದ ಹುಟ್ಟಿದುದು. ಕ್ರಿಸ್ತಜಯಂತಿಯನ್ನು ಆಚರಿಸುವವರಿಗೆ ಅದರ ಆಧ್ಯಾತ್ಮಿಕ ಅರ್ಥವೇನು, ಆ ಅರ್ಥವನ್ನು ಹೊರಲು ಕನ್ನಡದ ಶಬ್ದಗಳು ಎಷ್ಟರಮಟ್ಟಿಗೆ ಸಮರ್ಥವಾಗಿವೆ ಎಂಬುದನ್ನು ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

‘ಅವತಾರ’ ಶಬ್ದವನ್ನು ಕ್ರಿಸ್ತನಿಗೆ ಮೊದಲು ಅನ್ವಯಿಸಿದವರು ನಮ್ಮಂಥ ಅಧ್ಯಾಪಕರೇನೂ ಅಲ್ಲ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರು ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಬೈಬಲ್ಲನ್ನು ಕನ್ನಡಕ್ಕೆ ತರಲು ತೊಡಗಿದಂದಿನಿಂದ ಭಾಷಾಂತರಕಾರರಿಗೆ ಈ ತೊಡಕು ಇದ್ದೇ ಇದೆ. ಪ್ರಾಟೆಸ್ಟಂಟ್ ಸಭೆಗಳು ಬಹುಕಾಲ ಬಳಸಿಕೊಂಡು ಬಂದ ‘ಸತ್ಯವೇದ’ದಲ್ಲಿ ಯೋಹಾನನ ಸುವಾರ್ತೆಯ ಮೊದಲನೆಯ ಅಧ್ಯಾಯದ 14ನೆಯ ವಚನಕ್ಕೆ ದೊರೆತ ಶಬ್ದ ‘ನರಾವತಾರ’. ಮೂಲದ ಗ್ರೀಕಿನಲ್ಲಿರುವುದು ‘ಸಾರ್ಕ್ಸ್’, ಎಂದರೆ ಮಾಂಸ. ವಾಕ್ಯವು ಮಾಂಸವಾಯಿತು ಎಂಬಷ್ಟು ಒರಟಾಗಿ, ನಾಗರಿಕ ಕಿವಿಗೆ ಮುಜುಗರವಾಗುವಂತೆ, ಆ ಸುವಾರ್ತೆಕಾರನು ಬರೆದಿದ್ದಾನೆ. ಕನ್ನಡದ ಅನುವಾದಕರು ಈ ಒರಟುತನವನ್ನು ತೊಡೆದು ಸಂಸ್ಕೃತದ ಒಂದು ಗೌರವದ ಶಬ್ದವನ್ನು ಇಟ್ಟರು. ಓದುವವರಿಗೆ ಅರ್ಥ ಒಡನೆಯೇ ಆಯಿತು. ಆದರೆ ಆದ ಅರ್ಥ ಯಾವುದು?

ಅವತಾರವೆಂದರೆ ಇಳಿದು ಬರುವುದು. ನಮ್ಮ ಪುರಾಣಗಳಲ್ಲಿ ಅದು ಹಲವು ಸಲ ನಡೆಯುತ್ತದೆ. ಮತ್ಸ್ಯ ಕೂರ್ಮಗಳಿಂದ ತೊಡಗಿ ಇನ್ನೂ ಬರಬೇಕಾದ ಕಲ್ಕಿಯವರೆಗೆ. ಇಳಿದು ಬಂದವನ ದೇಹ ಎಂಥದು ಎಂಬ ಪ್ರಶ್ನೆಯನ್ನು ನಮ್ಮ ಆಚಾರ್ಯರು ಕೂಲಂಕಷವಾಗಿ ವಿಚಾರಿಸಿದ್ದಾರೆ. ಭಗವಂತನ ಶರೀರವು ಅಪ್ರಾಕೃತವೆಂಬುದು ರಾಮಾನುಜೀಯರ ಸಿದ್ಧಾಂತ. ಮಧ್ವಾಚಾರ್ಯರ ಮತದಲ್ಲಿ ಸೀತೆಯನ್ನು ಕಳೆದುಕೊಂಡ ರಾಮನ ಶೋಕವು ಲೋಕದ ಕಣ್ಣಿಗೆ ತೋರಿದ ವಿಡಂಬನೆಯಲ್ಲದೆ ನಿಜವಾದ ದುಃಖವಲ್ಲ. ದೋಷರಹಿತನಾದ ಹರಿಗೆ ದುಃಖವೆಲ್ಲಿಯದು? ಕೃಷ್ಣನು ವ್ಯಾಧನ ಬಾಣಕ್ಕೆ ಗುರಿಯಾದ ಕಥೆ ನಮ್ಮಲ್ಲಿಯೂ ಇದೆಯಲ್ಲವೆ ಎಂದು ಕೇಳಬಹುದು. ಇದೆ; ಆದರೆ ಭಕ್ತನು ಆ ಬಾಣವನ್ನು ನೆನೆದು ಹಬ್ಬ ಮಾಡುವುದಿಲ್ಲ.

ಇದಕ್ಕಿಂತಲೂ ಹತ್ತಿರದ ನಿದರ್ಶನ ಶಿವಮೊಗ್ಗ ಜಿಲ್ಲೆಯಲ್ಲಿಯೇ ಉಂಟು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯು ಅಲ್ಲಮಪ್ರಭುವಿನ ಊರು. ಹದಿನೈದನೆಯ ಶತಮಾನದ ಚಾಮರಸನು ‘ಪ್ರಭುಲಿಂಗಲೀಲೆ’ಯಲ್ಲಿ ಅಲ್ಲಮನಿಗೂ ಗೋರಕ್ಷನಿಗೂ ನಡೆದ ಪ್ರಸಂಗವನ್ನು ವರ್ಣಿಸಿದ್ದಾನೆ. ಯೋಗದಿಂದ ವಜ್ರದಂತಾದ ಗೋರಕ್ಷನ ದೇಹಕ್ಕೆ ಕತ್ತಿ ತಾಗಿದರೆ ಖಣಿಲೆನ್ನುತ್ತದೆ. ಅಲ್ಲಮನ ದೇಹಕ್ಕೆ ಬೀಸಿದ ಕತ್ತಿಯಾದರೋ ಬಯಲಿನಲ್ಲಿ ಆಡಿದಂತೆ ಹಾಯ್ದುಹೋಗುತ್ತದೆ. ಕನ್ನಡ ನಾಡಿನ ಅಧ್ಯಾತ್ಮವು ಕಂಡ ಅತ್ಯುನ್ನತ ಚಿತ್ರಗಳಲ್ಲಿ ಇದೂ ಒಂದೆಂಬುದರಲ್ಲಿ ಸಂದೇಹವಿಲ್ಲ. ಈಗ ಇದರ ಪಕ್ಕದಲ್ಲಿ ಬೆತ್ಲೆಹೇಮಿನ ಕೂಸನ್ನು ಇಟ್ಟು ನೋಡಿದರೆ ವ್ಯತ್ಯಾಸವು ತಾನಾಗಿ ಗೋಚರಿಸುತ್ತದೆ. ಅಲ್ಲಿರುವುದು ಹಸಿವಾದರೆ ಅಳುವ, ಬಟ್ಟೆಯಲ್ಲಿ ಸುತ್ತಿಡಬೇಕಾದ, ಕತ್ತಿ ತಾಗಿದರೆ ಕತ್ತರಿಸಿಯೇ ಹೋಗುವ ದೇಹ. ದೇವರು ಅಂಥ ದೇಹವನ್ನು ಹೊಂದಿದನೆಂಬುದೇ ಕ್ರೈಸ್ತರ ನಂಬಿಕೆ. ಆತನಿಗೆ ದೇಹವಿದ್ದಂತೆ ತೋರಿತೇ ಹೊರತು ನಿಜವಾಗಿ ಇರಲಿಲ್ಲವೆಂದು ವಾದಿಸಿದ ಪಂಗಡವೊಂದು ಮೊದಲ ಶತಮಾನಗಳಲ್ಲಿಯೇ ಇತ್ತು; ಡೊಸೆಟಿಸ್ಟರೆಂದು ಅವರನ್ನು ಕರೆಯುತ್ತಾರೆ. ಸಭೆಯು ಅವರನ್ನು ಹೊರಗಿಟ್ಟಿತು. ಕ್ರಿ.ಶ. 451ರ ಕ್ಯಾಲ್ಸೆಡನ್ ಪರಿಷತ್ತು ಕ್ರಿಸ್ತನನ್ನು ಪೂರ್ಣ ದೇವನೆಂದೂ ಪೂರ್ಣ ಮನುಷ್ಯನೆಂದೂ ನಿರ್ಣಯಿಸಿತು. ‘ನರಾವತಾರ’ವೆಂಬ ಮಾತನ್ನು ನಮ್ಮ ಸಂಸ್ಕಾರದಿಂದ ಕೇಳಿದ ಕನ್ನಡಿಗನು, ತಾನರಿಯದೆಯೇ, ಆ ಹೊರಗಿಟ್ಟವರ ಪಂಕ್ತಿಯಲ್ಲಿ ಕುಳಿತುಬಿಡುತ್ತಾನೆ.

ಅನುವಾದಕರನ್ನು ದೂಷಿಸುವುದು ಸುಲಭ. ಬೇರೆ ಶಬ್ದವನ್ನು ಕೊಡುವುದು ಕಷ್ಟ. ಭದ್ರಾವತಿಯ ಕಡೆ ನೋಡಿದರೆ ಇದು ಇನ್ನೂ ವಿಶದವಾಗುತ್ತದೆ. 1923ರಲ್ಲಿ ಅಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯು ಉತ್ಪಾದನೆಯನ್ನು ಆರಂಭಿಸಿದ ಮೇಲೆ ನಾನಾ ಭಾಷೆಯ ಜನರು ಬಂದು ನೆಲೆಸಿದರು; ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಕೇರಳದ ಕೃಷಿಕರು ಮಲೆನಾಡಿಗೆ ವಲಸೆ ಬಂದರು. ಇದರ ಫಲವಾಗಿ ಒಂದೇ ಜಿಲ್ಲೆಯಲ್ಲಿ ಇಂದು ಎರಡು ಕ್ಯಾಥೊಲಿಕ್ ಧರ್ಮಪೀಠಗಳಿವೆ: 1988ರಲ್ಲಿ ಸ್ಥಾಪಿತವಾದ, ಲ್ಯಾಟಿನ್ ವಿಧಿಯ ಶಿವಮೊಗ್ಗ ಧರ್ಮಪ್ರಾಂತ, 2007ರಲ್ಲಿ ಮಾನಂದವಾಡಿಯಿಂದ ಬೇರ್ಪಟ್ಟ, ಸಿರೋ ಮಲಬಾರ್ ವಿಧಿಯ ಭದ್ರಾವತಿ ಧರ್ಮಪ್ರಾಂತ. ವೆಸ್ಲಿಯನ್ ಮಿಷನ್ನಿನಿಂದ ಬೆಳೆದು 1947ರಲ್ಲಿ ದಕ್ಷಿಣ ಭಾರತ ಸಭೆಯನ್ನು ಸೇರಿದ ಪ್ರಾಟೆಸ್ಟಂಟರು ಬೇರೆ. ಹದಿನೈದು ಇಪ್ಪತ್ತು ಕಿಲೋಮೀಟರುಗಳ ಅಂತರದಲ್ಲಿ ಒಂದೇ ಹಬ್ಬವನ್ನು ಹಲವು ಪರಂಪರೆಗಳು ತಂತಮ್ಮ ಮಾತಿನಲ್ಲಿ ಆಚರಿಸುತ್ತವೆ.

ಸಿರೋ ಮಲಬಾರ್ ಸಭೆಯ ಬೇರು ಪೂರ್ವ ಸಿರಿಯಾಕ್ ಪರಂಪರೆಯಲ್ಲಿದೆ. ಕ್ರಿಸ್ತನ ಮಾತೃಭಾಷೆಯಾದ ಅರಾಮಿಕ್ಕಿನದೇ ಒಂದು ರೂಪವಾದ ಆ ಭಾಷೆಯ ಪ್ರಾಚೀನ ಲೇಖಕರು, ಮುಖ್ಯವಾಗಿ ನಾಲ್ಕನೆಯ ಶತಮಾನದ ಎಫ್ರೇಮನು, ದೇವರು ದೇಹವನ್ನು ‘ತೊಟ್ಟುಕೊಂಡನು’ ಎಂದು ಹೇಳಲು ಇಷ್ಟಪಟ್ಟರು. ಸಿರಿಯಾಕ್ಕಿನಲ್ಲಿ ಈ ರೂಪಕವು ಬಹಳ ಗಾಢವಾದುದು. ಆದಾಮನು ಕಳೆದುಕೊಂಡ ವಸ್ತ್ರವನ್ನು ಮನುಷ್ಯನಿಗೆ ಮರಳಿ ತೊಡಿಸಲು ದೇವರು ಮನುಷ್ಯನ ವಸ್ತ್ರವನ್ನು ತಾನು ತೊಟ್ಟನೆಂಬುದು ಅದರ ಭಾವ. ಇದನ್ನೇ ಕನ್ನಡಕ್ಕೆ ತಂದರೆ ಏನಾಗುತ್ತದೆ? ಜೀವನು ಹಳೆಯ ಬಟ್ಟೆಯನ್ನು ಕಳಚಿದಂತೆ ದೇಹವನ್ನು ಕಳಚುತ್ತಾನೆಂಬ ಗೀತೆಯ ಉಪಮೆಯನ್ನು ಬಾಲ್ಯದಿಂದ ಕೇಳಿದ ನಮಗೆ ತೊಟ್ಟದ್ದು ಕಳಚುವುದಕ್ಕಾಗಿಯೇ ಇರುವಂತೆ ತೋರುತ್ತದೆ. ಒಂದು ಭಾಷೆಯಲ್ಲಿ ದೇವರನ್ನು ದೇಹಕ್ಕೆ ಬಿಗಿದ ರೂಪಕವು ಇನ್ನೊಂದರಲ್ಲಿ ಅವನನ್ನು ಸಡಿಲಿಸಿಬಿಡುತ್ತದೆ. ಕನ್ನಡದ ಈಚಿನ ಕೆಲವು ಅನುವಾದಗಳು ಅವತಾರವನ್ನು ಬಿಟ್ಟು ‘ಮನುಷ್ಯ’ನಾದನೆಂಬ ಸರಳ ಮಾತನ್ನು ಹಿಡಿದಿರುವುದು ನಮ್ಮ ದೃಷ್ಟಿಯಲ್ಲಿ ವಿವೇಕದ ಕೆಲಸ. ಶಬ್ದಕ್ಕೆ ಗಾಂಭೀರ್ಯ ಕಡಮೆಯಾಯಿತೆಂದು ಹಿರಿಯರು ಕೆಲವರು ಆಕ್ಷೇಪಿಸಬಹುದು. ಗಾಂಭೀರ್ಯ ಕಡಮೆಯಾಗುವುದೇ ಆ ವಚನದ ತಾತ್ಪರ್ಯವಲ್ಲವೆ?

ಆಶ್ಚರ್ಯವೆಂದರೆ, ಪಂಡಿತರು ತೊಡಕಿಗೆ ಸಿಕ್ಕಿದ ಸ್ಥಳದಲ್ಲಿ ಜನಸಾಮಾನ್ಯರು ಎಡವಲಿಲ್ಲ. ಶಿವಮೊಗ್ಗದ ಕೊಂಕಣಿ ಕ್ಯಾಥೊಲಿಕರು ಹಬ್ಬವನ್ನು ‘ನತಾಲ್’ ಎನ್ನುತ್ತಾರೆ. ಕೇರಳದ ಸಿರಿಯನ್ ಕ್ರೈಸ್ತರ ಹಳೆಯ ಮಾತು ‘ಯಲ್ದಾ’. ಮೊದಲನೆಯದು ಲ್ಯಾಟಿನ್ನಿನಿಂದ ಪೋರ್ಚುಗೀಸಿನ ಮೂಲಕ ಬಂದುದು, ಎರಡನೆಯದು ಸಿರಿಯಾಕ್. ಎರಡಕ್ಕೂ ಅರ್ಥ ಒಂದೇ: ಹುಟ್ಟು. ಕನ್ನಡದ ‘ಕ್ರಿಸ್ತಜಯಂತಿ’ಯೂ ಇದೇ ಜಾತಿಯದು. ಕೃಷ್ಣಜಯಂತಿ ಎನ್ನುವ ನಾವು ಬಸವಜಯಂತಿ, ಗಾಂಧಿಜಯಂತಿ ಎಂದೂ ಹೇಳುವುದರಿಂದ ದೇವರಿಗೂ, ಇತಿಹಾಸದಲ್ಲಿ ಬಾಳಿದ ಮನುಷ್ಯನಿಗೂ ಆ ಶಬ್ದವು ಸಮನಾಗಿ ಒಪ್ಪುತ್ತದೆ. ಕ್ಯಾಲ್ಸೆಡನ್ನಿನ ನಿರ್ಣಯವನ್ನು ಒಂದೇ ಕನ್ನಡ ಪದದಲ್ಲಿ ಅಡಗಿಸಬೇಕಾಗಿದ್ದರೆ ಇದಕ್ಕಿಂತ ಉಚಿತವಾದುದು ಸಿಕ್ಕುತ್ತಿತ್ತೆಂದು ನಮಗೆ ತೋರುವುದಿಲ್ಲ.

ಇತಿಹಾಸದ ಅಧ್ಯಾಪಕರಾದ ನಮಗೆ ಇಲ್ಲೊಂದು ಕರ್ತವ್ಯವಿದೆ. ಡಿಸೆಂಬರ್ 25 ಸುವಾರ್ತೆಗಳಲ್ಲಿ ಎಲ್ಲಿಯೂ ಇಲ್ಲ. ಆ ದಿನವನ್ನು ಕ್ರಿಸ್ತನ ಜನ್ಮದಿನವೆಂದು ನಮೂದಿಸಿರುವ ಪ್ರಸಿದ್ಧ ದಾಖಲೆಯು ರೋಮಿನಲ್ಲಿ ಕ್ರಿ.ಶ. 354ರಲ್ಲಿ ಸಂಕಲಿತವಾದ ಪಂಚಾಂಗ. ಲೂಕನು ಹೇಳುವ ಕ್ವಿರಿನಿಯನ ಜನಗಣತಿಯು ಜೋಸಿಫಸ್ಸನ ಲೆಕ್ಕದಂತೆ ಕ್ರಿ.ಶ. 6ಕ್ಕೆ ಸೇರುತ್ತದೆ, ಹೆರೋದನಾದರೋ ಕ್ರಿ.ಪೂ. 4ರಲ್ಲಿಯೇ ಮೃತನಾದನೆಂದು ಬಹುಪಾಲು ವಿದ್ವಾಂಸರ ಮತ. ಎರಡನ್ನೂ ಸರಿಹೊಂದಿಸಲು ನಡೆದ ಪ್ರಯತ್ನಗಳು ನಮಗೆ ತೃಪ್ತಿಕರವಾಗಿ ಕಂಡಿಲ್ಲ. ಹಾಗಾದರೆ ಹಬ್ಬದ ಅರ್ಥವು ಕುಸಿದುಹೋಯಿತೆ? ತಿಥಿ ತಪ್ಪಿದರೆ ಕುಸಿಯುವುದಿಲ್ಲ. ಆತನು ಹುಟ್ಟಿಯೇ ಇರಲಿಲ್ಲವೆಂದಾದರೆ ಮಾತ್ರ ಕುಸಿಯುತ್ತದೆ. ಕ್ರೈಸ್ತರು ಈ ಅಪಾಯವನ್ನು ತಿಳಿದೇ ತಮ್ಮ ನಂಬಿಕೆಯನ್ನು ಒಬ್ಬ ಚಕ್ರವರ್ತಿಯ ಹೆಸರಿಗೆ, ಒಂದು ಗಣತಿಗೆ, ಒಂದು ಸಣ್ಣ ಊರಿಗೆ ಕಟ್ಟಿಹಾಕಿದ್ದಾರೆ. ಯುಗಯುಗಗಳ ಮಾತನ್ನಾಡುವ ಅವತಾರಕಲ್ಪನೆಗೆ ಜನಗಣತಿಯ ಗೊಡವೆಯಿಲ್ಲ.

ಇನ್ನು ‘ಗೋದಲಿ’. ದನಕ್ಕೆ ಮೇವು ಹಾಕುವ ತೊಟ್ಟಿಗೆ ಅನುವಾದಕರು ಹುಡುಕಿದ ಈ ಹಳ್ಳಿಯ ಮಾತು ಸೊಗಸಾದುದು. ಇಲ್ಲಿ ಅವರು ಸಂಸ್ಕೃತಕ್ಕೆ ಹೋಗದಿದ್ದುದು ನಮ್ಮ ಪುಣ್ಯ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸಿಸಿಯ ಫ್ರಾನ್ಸಿಸನು ಹುಲ್ಲು ತುಂಬಿದ ತೊಟ್ಟಿಯನ್ನೂ ಎತ್ತು ಕತ್ತೆಗಳನ್ನೂ ತರಿಸಿ ಪೂಜೆಯನ್ನು ನಡೆಸಿದನು. ಕಂದನು ಎಂಥ ಕೊರತೆಯಲ್ಲಿ ಮಲಗಿದ್ದನೆಂಬುದನ್ನು ಕಣ್ಣಾರೆ ಕಾಣಬೇಕೆಂಬುದು ಅವನ ಬಯಕೆ. ಈಗ ಚರ್ಚುಗಳಲ್ಲಿ ಗೋದಲಿಯೆಂದರೆ ಬಣ್ಣದ ದೀಪಗಳ, ಕೃತಕ ಜಲಪಾತದ ಒಂದು ಅಲಂಕಾರ. ಕೆಲವೆಡೆ ಅದಕ್ಕೆ ಸ್ಪರ್ಧೆ, ಬಹುಮಾನ. ಗಣೇಶನ ಪೆಂಡಾಲುಗಳಿಗೆ ಬಹುಮಾನ ಕೊಡುವ ನಾವು ಇದನ್ನು ಆಕ್ಷೇಪಿಸುವ ಸ್ಥಿತಿಯಲ್ಲಿಲ್ಲ. ಆದರೂ ಸಗಣಿಯ ವಾಸನೆಯಿಲ್ಲದ ಗೋದಲಿಯು ‘ನರಾವತಾರ’ದ ತಪ್ಪನ್ನೇ ಇನ್ನೊಂದು ವಿಧದಲ್ಲಿ ಮಾಡುತ್ತಿದೆ ಎಂದು ಹೇಳದಿರಲಾರೆವು.

ಕನ್ನಡ ಸಾಹಿತ್ಯವು ಈ ಹುಟ್ಟಿಗೆ ಹೆಚ್ಚು ಗಮನ ಕೊಟ್ಟಂತಿಲ್ಲ. ಕಿಟ್ಟೆಲ್ಲರು 1862ರಲ್ಲಿ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತೆಯನ್ನು ಪದ್ಯವಾಗಿ ತಂದರು, ಅದು ಸಭೆಯ ಹೊರಗೆ ಓದುಗರನ್ನು ಪಡೆಯಲಿಲ್ಲವೆನ್ನಬೇಕು. ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನನ್ನು ಕಾವ್ಯಕ್ಕೆ ತಂದಾಗ ಆರಿಸಿಕೊಂಡದ್ದು ‘ಗೊಲ್ಗೊಥಾ’ವನ್ನು, ಎಂದರೆ ಮರಣದ ದಿನವನ್ನು. ಕವಿಯ ಆಯ್ಕೆ ಆಕಸ್ಮಿಕವಲ್ಲ. ಜನನದ ಅರ್ಥವನ್ನು ಶಿಲುಬೆಯ ಕಡೆಯಿಂದ ಓದಬೇಕೆಂಬುದನ್ನು ಆತನು ಕ್ರೈಸ್ತನಲ್ಲದೆಯೂ ಗ್ರಹಿಸಿದ್ದನೆಂದು ತೋರುತ್ತದೆ.

ಚರ್ಚಿನ ಪಂಚಾಂಗವೂ ಹಾಗೆಯೇ ಓದುತ್ತದೆ. ನಮ್ಮ ಪತ್ರಿಕೆಗಳಲ್ಲಿ ಹಬ್ಬದ ವರದಿಯು ಕೇಕು, ನಕ್ಷತ್ರದೀಪ, ಸೌಹಾರ್ದದ ಸಂದೇಶಗಳೊಡನೆ ಡಿಸೆಂಬರ್ 26ಕ್ಕೆ ಮುಗಿಯುತ್ತದೆ. ಅದೇ 26ರಂದು ರೋಮನ್ ಪಂಚಾಂಗವು ಕಲ್ಲೆಸೆತಕ್ಕೆ ಸತ್ತ ಸ್ತೆಫಾನನನ್ನು ಸ್ಮರಿಸುತ್ತದೆ. 28ರಂದು, ಹೆರೋದನ ಆಜ್ಞೆಯಂತೆ ಬೆತ್ಲೆಹೇಮಿನಲ್ಲಿ ಕೊಲ್ಲಲ್ಪಟ್ಟರೆಂದು ಮತ್ತಾಯನು ಹೇಳುವ ಎಳೆಯ ಮಕ್ಕಳನ್ನು. ಅಂದು ಬೆಳಗ್ಗೆ ಶಿವಮೊಗ್ಗದ ಚರ್ಚಿನಲ್ಲಿ ಜನ ವಿರಳ. ಗೋದಲಿಯ ದೀಪಗಳು ಇನ್ನೂ ಉರಿಯುತ್ತಿರುತ್ತವೆ. ಪಾದ್ರಿಗಳು ಕೆಂಪು ವಸ್ತ್ರವನ್ನು ಧರಿಸಿ ಪೀಠಕ್ಕೆ ಬರುತ್ತಾರೆ.