ಗೋಡೆಯ ಬುಡದ ನಾಲ್ಕಿಂಚು

ಟೈಲ್ಸ್ ಅಂಗಡಿಗೆ ನೆಲದ ಬಣ್ಣ ಆರಿಸಲು ಮನೆಮಂದಿಯೆಲ್ಲ ಹೋಗುತ್ತಾರೆ. ಬಿಳಿ ಬೇಡ, ಕೊಳೆ ಎದ್ದು ಕಾಣುತ್ತದೆ; ಕಪ್ಪು ಬೇಡ, ಧೂಳು ಕಾಣುತ್ತದೆ ಎಂದು ಅರ್ಧ ದಿನ ಚರ್ಚೆ ನಡೆಯುತ್ತದೆ. ಸ್ಕರ್ಟಿಂಗ್ ಮಾತು ಬರುವುದು ಮಾತ್ರ ನೆಲವೆಲ್ಲ ಮುಗಿದು ಮೇಸ್ತ್ರಿ ಕರಣೆ ತೊಳೆದಿಡುವ ಹೊತ್ತಿಗೆ. ‘ಉಳಿದ ಪೀಸಲ್ಲೇ ಹೊಡೆದುಬಿಡ್ತೀನಿ ಸಾರ್’ ಅನ್ನುತ್ತಾನೆ. ನಾವೂ ಹೂಂ ಅನ್ನುತ್ತೇವೆ. ಗೋಡೆಯ ಬುಡದಲ್ಲಿ ಎಲ್ಲೆಂದರಲ್ಲಿ ಬಿದ್ದ ಜಾಯಿಂಟು, ಮುಕ್ಕಾದ ಮೂಲೆ, ಮೇಲಂಚಿನಲ್ಲಿ ಕಪ್ಪಗೆ ಕೂತ ಧೂಳಿನ ಗೆರೆ ಎಲ್ಲ ಹುಟ್ಟುವುದು ಆ ಗಳಿಗೆಯಲ್ಲಿ.

ಸ್ಕರ್ಟಿಂಗ್ ನೆಲದ ಕೆಲಸದ ಬಾಲವಲ್ಲ. ಅದು ಗೋಡೆಗೆ ಪ್ಲಾಸ್ಟರ್ ಬೀಳುವ ಮೊದಲೇ ತೀರ್ಮಾನವಾಗಬೇಕಾದ ಸಂಗತಿ. ಈ ವಾರ ಅಂಕಣವಿಡೀ ಇದನ್ನೇ ಹೇಳುತ್ತೇನೆ, ಏಕೆಂದರೆ ಲಕ್ಷಗಟ್ಟಲೆ ಖರ್ಚು ಮಾಡಿದ ಮನೆಗಳಲ್ಲೂ ಈ ನಾಲ್ಕಿಂಚು ಅನಾಥವಾಗಿ ಬಿದ್ದಿರುವುದನ್ನು ಕಂಡು ಹೊಟ್ಟೆ ಉರಿಯುತ್ತದೆ.

ನಮ್ಮ ಮನೆಗಳಿಗೆ ಸ್ಕರ್ಟಿಂಗ್ ಬೇಕಾಗಿರುವುದು ಚೆಂದಕ್ಕಿಂತ ಮೊದಲು ನೀರಿನ ಕಾರಣಕ್ಕೆ. ನಾವು ದಿನಾ ನೆಲ ಒರೆಸುವವರು, ಹಬ್ಬಕ್ಕೆ ಬಕೆಟ್ಟುಗಟ್ಟಲೆ ನೀರು ಸುರಿದು ತೊಳೆಯುವವರು. ಒದ್ದೆ ಬಟ್ಟೆ ಗೋಡೆಯ ಬುಡಕ್ಕೆ ತಾಗದೆ ಇರುವುದಿಲ್ಲ. ಬರಿಯ ಪೇಂಟು ಆ ಒರೆತಕ್ಕೆ ಒಂದು ವರ್ಷ ತಾಳಿದರೆ ಹೆಚ್ಚು. ಹಳ್ಳಿಮನೆಗಳ ಹೆಂಗಸರಿಗೆ ಇದು ಗೊತ್ತಿತ್ತು. ಸುಣ್ಣದ ಗೋಡೆಯ ಬುಡಕ್ಕೆ ಒಂದು ಗೇಣು ಕೆಮ್ಮಣ್ಣು ಬಳಿಯುತ್ತಿದ್ದರು. ಸಗಣಿ ಸಾರಿಸುವಾಗ ಸಿಡಿದದ್ದು ಅದರಲ್ಲೇ ಅಡಗಿಹೋಗುತ್ತಿತ್ತು, ಸವೆದರೆ ಹಬ್ಬಕ್ಕೆ ಮತ್ತೊಂದು ಕೈ. ಆಮೇಲೆ ಬಂದ ರೆಡ್ ಆಕ್ಸೈಡ್ ನೆಲದ ಮನೆಗಳಲ್ಲಿ ಈ ಕೆಲಸ ಶಿಖರ ಮುಟ್ಟಿತು ಎಂದೇ ನನ್ನ ನಂಬಿಕೆ. ಕೆಂಪು ನೆಲ, ಸುತ್ತ ಕಪ್ಪು ಪಟ್ಟಿ. ಆ ಕಪ್ಪು ಹಾಗೇ ಗೋಡೆಗೆ ಹತ್ತಿ ನಾಲ್ಕೈದಿಂಚಿಗೆ ನಿಲ್ಲುತ್ತದೆ. ನೆಲವೂ ಗೋಡೆಯೂ ಕೂಡುವಲ್ಲಿ ಚೂಪು ಮೂಲೆಯೇ ಇಲ್ಲ. ಗಾರೆಯವನು ಹಸಿ ಇರುವಾಗಲೇ ತೀಡಿ ತೀಡಿ ಗುಂಡಗೆ ಮಾಡಿರುತ್ತಾನೆ. ಪೊರಕೆ ಆ ಬಾಗಿನಲ್ಲಿ ಜಾರಿಕೊಂಡು ಹೋಗುತ್ತದೆ, ಕಸಕ್ಕೆ ಕೂರಲು ಜಾಗವಿಲ್ಲ. ಅಂಥ ಮನೆ ಇನ್ನೂ ಇದ್ದರೆ ದಯವಿಟ್ಟು ಅದರ ಮೇಲೆ ಟೈಲ್ಸ್ ಹಾಕಿಸಬೇಡಿ.

ಚಳಿ ದೇಶಗಳಲ್ಲಿ ಈ ಜಾಗದಲ್ಲಿ ಮರದ ಹಲಗೆ ಇರುತ್ತದೆ. ಅಲ್ಲಿ ನೆಲವೂ ಮರದ್ದು, ಒರೆಸುವುದೂ ಕಡಿಮೆ. ಇಲ್ಲಿ ಫ್ಲಾಟುಗಳ ಮಲಗುವ ಕೋಣೆಗೆ ಲ್ಯಾಮಿನೇಟ್ ನೆಲ ಹಾಕಿಸಿದವರು ಅದಕ್ಕೆ ಜೋಡಿಯಾಗಿ ಎಂಡಿಎಫ್ ಪಟ್ಟಿ ಹೊಡೆಸುತ್ತಾರೆ. ಎಂಡಿಎಫ್ ನೀರು ಕುಡಿದರೆ ಊದಿಕೊಳ್ಳುತ್ತದೆ, ಊದಿದ್ದು ಮತ್ತೆ ಇಳಿಯುವುದಿಲ್ಲ. ಮಲೆನಾಡು, ಕರಾವಳಿಯಲ್ಲಿ ಗೆದ್ದಲ ಚಿಂತೆ ಬೇರೆ. ಮರದ ನೋಟವೇ ಬೇಕೆನ್ನುವವರು ತೇಗ ಹಾಕಿಸಿ, ಇಲ್ಲವೇ ನೀರು ತಾಳುವ ಪಿವಿಸಿ ಪಟ್ಟಿಗೆ ಹೋಗಿ. ಲ್ಯಾಮಿನೇಟ್ ನೆಲ ಹಿಗ್ಗಿ ಕುಗ್ಗುವಂಥದ್ದು; ಅದಕ್ಕೇ ಗೋಡೆಯ ಸುತ್ತ ಸುಮಾರು 10 ಮಿಲಿಮೀಟರ್ ಜಾಗ ಬಿಟ್ಟಿರುತ್ತಾರೆ. ಪಟ್ಟಿಯ ಮೊಳೆ ಗೋಡೆಗೆ ಹೋಗಬೇಕೇ ಹೊರತು ನೆಲಕ್ಕಲ್ಲ. ಮರದ ಬಗ್ಗೆ ಇಷ್ಟು ಸಾಕು. ನಮ್ಮ ನೂರರಲ್ಲಿ ತೊಂಬತ್ತು ಮನೆಗಳ ವಿಷಯ ವಿಟ್ರಿಫೈಡ್ ಟೈಲಿನದ್ದು.

ಒಂದು 12ಕ್ಕೆ 10 ಅಡಿ ಕೋಣೆ ತೆಗೆದುಕೊಳ್ಳಿ. ಸುತ್ತಳತೆ 44 ಅಡಿ, ಬಾಗಿಲಿನ ಮೂರೂವರೆ ಅಡಿ ಕಳೆದರೆ ನಲವತ್ತೂವರೆ. ಎರಡಡಿ ಟೈಲಿನಿಂದ ಕೊಯ್ದ ಪಟ್ಟಿಯಾದರೆ 21 ಬೇಕು. 600 ಮಿಲಿಮೀಟರ್ ಟೈಲಿನಲ್ಲಿ 100 ಮಿಲಿಮೀಟರಿನ ಆರು ಪಟ್ಟಿ ಬರುತ್ತದೆಂದು ಲೆಕ್ಕ ಹಾಕುವವರಿದ್ದಾರೆ. ಬ್ಲೇಡು ತಿನ್ನುವುದನ್ನು ಮರೆಯಬಾರದು. ಒಂದು ಕೊಯ್ತಕ್ಕೆ 2 ಮಿಲಿಮೀಟರ್ ಹೋದರೂ ಐದು ಕೊಯ್ತಕ್ಕೆ 10 ಹೋಯಿತು. ಪಟ್ಟಿ 98ಕ್ಕೆ ನಿಲ್ಲುತ್ತದೆ. ನಿಲ್ಲಲಿ, ತೊಂದರೆಯಿಲ್ಲ, ಮನೆಯಿಡೀ 98 ಇದ್ದರಾಯಿತು. ಮೊದಲ ಐದು 100, ಆರನೆಯದು 90 ಆದರೆ ಕೆಲಸ ಕೆಟ್ಟಂತೆ. ಈ ಕೋಣೆಗೆ ನಾಲ್ಕು ಟೈಲು ಸಾಕು, ಒಡಕು ಮುಕ್ಕಿಗೆಂದು ಐದನೆಯದೊಂದು ಇರಲಿ. ನೆಲದ ಟೈಲ್ಸ್ ಆರ್ಡರ್ ಕೊಡುವಾಗಲೇ ಇದನ್ನು ಸೇರಿಸಿಬಿಡಬೇಕು.

ಇನ್ನು ಅಂಚು. ನಿಜವಾದ ಕಷ್ಟ ಇರುವುದು ಇಲ್ಲೇ, ಅಂಗಡಿಯವರು ಬಾಯಿಬಿಡುವುದಿಲ್ಲ. ಒಂದು ಟೈಲಿನಿಂದ ಆರು ಪಟ್ಟಿ ತೆಗೆದರೆ ಫ್ಯಾಕ್ಟರಿಯ ನಯವಾದ ಅಂಚು ಉದ್ದಕ್ಕೂ ಸಿಗುವುದು ಎರಡಕ್ಕೆ ಮಾತ್ರ, ಮೊದಲನೆಯದಕ್ಕೆ ಮತ್ತು ಕೊನೆಯದಕ್ಕೆ. ನಡುವಿನ ನಾಲ್ಕಕ್ಕೆ ಎರಡೂ ಕಡೆ ಬ್ಲೇಡಿನ ಅಂಚು. ಅದರ ಮೇಲೆ ಬೆರಳು ಎಳೆದು ನೋಡಿ, ಗರಗಸದಂತೆ ಸಣ್ಣ ಸಣ್ಣ ಮುಕ್ಕು ಕೈಗೆ ಸಿಗುತ್ತದೆ. ಡಬಲ್ ಚಾರ್ಜ್ ಟೈಲಾದರೆ ಬಣ್ಣದ ಪದರ ಮೂರ‍್ನಾಲ್ಕು ಮಿಲಿಮೀಟರ್ ಆಳಕ್ಕಿದೆ, ಉಜ್ಜಿ ಪಾಲಿಶ್ ಮಾಡಿದರೆ ಒಪ್ಪವಾಗುತ್ತದೆ. ಈಗ ಎಲ್ಲರೂ ಇಷ್ಟಪಡುವ ಗ್ಲೇಜ್ಡ್ ಟೈಲಿನಲ್ಲಿ ಅಮೃತಶಿಲೆಯ ಚಿತ್ರವೆಲ್ಲ ಮೇಲ್ಮೈಯ ಮುದ್ರಣ. ಒಡಲಿನ ಬಣ್ಣವೇ ಬೇರೆ. ಗೋಡೆಯಿಂದ ಅರ್ಧ ಇಂಚು ಮುಂದೆ ಚಾಚಿದ ಪಟ್ಟಿಯ ನೆತ್ತಿಯಲ್ಲಿ ಆ ಬೂದು ಒಡಲು ಉದ್ದಕ್ಕೂ ಕಾಣುತ್ತಿರುತ್ತದೆ. ಅದಕ್ಕೆ ಪೇಂಟು ಹಚ್ಚಿ ಮುಚ್ಚುವವರನ್ನು ನೋಡಿದ್ದೇನೆ. ನಾಲ್ಕು ಸಲ ಒರೆಸಿದರೆ ಪೇಂಟು ಬಟ್ಟೆಯಲ್ಲಿರುತ್ತದೆ.

ಇದಕ್ಕೆ ಒಂದೇ ಗೌರವದ ಪರಿಹಾರವೆಂದರೆ ಪಟ್ಟಿಯನ್ನು ಗೋಡೆಯ ಸಮಕ್ಕೆ ಕೂರಿಸುವುದು. ಒಳಗೋಡೆಯ ಪ್ಲಾಸ್ಟರ್ ಸಾಮಾನ್ಯವಾಗಿ 12 ಮಿಲಿಮೀಟರ್. ಟೈಲು 9, ಅಂಟು 3, ಲೆಕ್ಕ ಸರಿಹೋಯಿತು. ಬುಡದಲ್ಲಿ ಪಟ್ಟಿಯ ಎತ್ತರದಷ್ಟು ಜಾಗಕ್ಕೆ ಪ್ಲಾಸ್ಟರ್ ಮಾಡದೆ ಬಿಟ್ಟರೆ ಸಾಕು, ಪಟ್ಟಿ ಆ ಗುಂಡಿಯಲ್ಲಿ ಹೋಗಿ ಕೂರುತ್ತದೆ. ಹೊರಗೆ ಕಾಣುವುದು ಗೋಡೆಯ ಮೈಯಲ್ಲೇ ಬಣ್ಣ ಬದಲಾದಂಥ ಒಂದು ಗೆರೆ ಮಾತ್ರ. ಧೂಳಿಗೆ ಕಟ್ಟೆಯಿಲ್ಲ, ಬೀರು ಗೋಡೆಗೆ ಒತ್ತಿಕೊಂಡು ನಿಲ್ಲುತ್ತದೆ, ಬಾಗಿಲ ಚೌಕಟ್ಟಿನ ಹತ್ತಿರ ಪಟ್ಟಿಯ ಕೊನೆ ಮೂಗಿನಂತೆ ಚಾಚುವುದಿಲ್ಲ. ಇದಕ್ಕೆ ಬೇಕಾದದ್ದು ಮುಂಚಿನ ಯೋಚನೆ. ನೆಲ ಮುಗಿದಾಗ ಎಲ್ಲಿಗೆ ನಿಲ್ಲುತ್ತದೆ ಎಂದು ಪ್ಲಾಸ್ಟರ್ ಹೊತ್ತಿಗೇ ಗೊತ್ತಿರಬೇಕು. ನೆಲದ ಮಟ್ಟದಿಂದ ಒಂದು ಮೀಟರ್ ಮೇಲೆ ಕೋಣೆಯ ಸುತ್ತ ಗೆರೆ ಹೊಡೆಸಿ, ಅಲ್ಲಿಂದ ಕೆಳಗೆ ಅಳೆದು, ಪಟ್ಟಿಯ ನೆತ್ತಿ ಬರುವಲ್ಲಿ ಒಂದು ನೇರ ಮರದ ರೀಪು ಹೊಡೆದು ಪ್ಲಾಸ್ಟರನ್ನು ಅಲ್ಲಿಗೆ ನಿಲ್ಲಿಸಬೇಕು. ಪ್ಲಾಸ್ಟರ್ ಆಗಿಹೋದ ಮನೆಯಲ್ಲಿ ಗೆರೆ ಹೊಡೆದು ಗ್ರೈಂಡರಿನಿಂದ ಸೀಳಿ, ಉಳಿಯಲ್ಲಿ ಎಬ್ಬಿಸಬಹುದು. ಧೂಳು ಭಾರಿ, ಆದರೂ ಮಾಡಿಸಲು ಯೋಗ್ಯ.

ಧೂಳಿನ ಮಾತು ಬಂತು. ಟೈಲು ಕೊಯ್ಯುವಾಗ ಏಳುವ ಬಿಳಿ ಪುಡಿಯಲ್ಲಿ ಸಿಲಿಕಾ ಇರುತ್ತದೆ, ವರ್ಷಗಟ್ಟಲೆ ಕುಡಿದವನ ಶ್ವಾಸಕೋಶ ಗಟ್ಟಿಯಾಗುತ್ತದೆ. ಬಾಯಿಗೆ ಟವೆಲ್ ಕಟ್ಟಿಕೊಂಡರೆ ಅದು ತಡೆಯುವುದಿಲ್ಲ. ಕೊಯ್ಯುವ ಹುಡುಗನಿಗೆ ಒಳ್ಳೆಯ ಮಾಸ್ಕ್ ತಂದುಕೊಡಿ, ಬ್ಲೇಡಿನ ಮೇಲೆ ನೀರು ಬೀಳುವಂತೆ ನೋಡಿಕೊಳ್ಳಿ, ಕೆಲಸ ಬಯಲಿನಲ್ಲಿ ನಡೆಯಲಿ.

ನಮ್ಮ ಮಹಡಿಯ ಕೋಣೆಗೆ ಈಚೆಗೆ ಪಟ್ಟಿ ಕೂರಿಸುವಾಗ ಮೇಸ್ತ್ರಿಯ ಜೊತೆ ನಾನೂ ನೆಲದಲ್ಲಿ ಕೂತಿದ್ದೆ. ಅವನು ಮೊದಲ ಪಟ್ಟಿಯನ್ನು ಮೂಲೆಯಲ್ಲಿ ಇಡಲಿಲ್ಲ. ಮೂಲೆಗೆ ಹತ್ತಿರದ ನೆಲದ ಜಾಯಿಂಟು ಗೋಡೆಗೆ ಬಂದು ಮುಟ್ಟುವ ಜಾಗ ಹುಡುಕಿ, ಪಟ್ಟಿಯ ತುದಿಯನ್ನು ಅಲ್ಲಿಗೆ ತಂದು ನಿಲ್ಲಿಸಿದ. ನೆಲಕ್ಕೆ ಹಾಕಿದ್ದ 2 ಮಿಲಿಮೀಟರ್ ಸ್ಪೇಸರನ್ನೇ ಇಲ್ಲಿಗೂ ಹಾಕಿದ. ಹೀಗೆ ಹೊರಟರೆ ನೆಲದ ಪ್ರತಿ ಗೆರೆಯೂ ಮುರಿಯದೆ ಗೋಡೆ ಹತ್ತುತ್ತದೆ, ಮೂಲೆಯಲ್ಲಿ ನೆಲಕ್ಕೆ ಎಷ್ಟು ತುಂಡು ಬಂದಿದೆಯೋ ಗೋಡೆಗೂ ಅಷ್ಟೇ ತುಂಡು ಬರುತ್ತದೆ. ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಈ ಗೆರೆಯನ್ನು. ಗೆರೆ ಕೂಡಿದ್ದರೆ ಆ ಮನೆಯಲ್ಲಿ ಕೆಲಸ ಬಲ್ಲವನೊಬ್ಬ ಓಡಾಡಿದ್ದಾನೆ.

ಮೇಲಂಚು ರಸಮಟ್ಟಕ್ಕೆ ಇರಬೇಕೋ, ನೆಲವನ್ನು ಅನುಸರಿಸಬೇಕೋ ಎಂಬ ವಾದ ಹಳೆಯದು. ನನ್ನ ಮತ ನೆಲಕ್ಕೆ. ಹನ್ನೆರಡು ಅಡಿಗೆ ಅರ್ಧ ಸೆಂಟಿಮೀಟರ್ ಇಳಿದ ನೆಲ ಕಣ್ಣಿಗೆ ಗೊತ್ತಾಗುವುದಿಲ್ಲ. ಆದರೆ ಮಟ್ಟ ಹಿಡಿದು ಕೂರಿಸಿದ ಪಟ್ಟಿಯ ಕೆಳಗೆ ಒಂದು ತುದಿಯಿಂದ ಇನ್ನೊಂದಕ್ಕೆ ಅಗಲವಾಗುತ್ತ ಹೋಗುವ ಗ್ರೌಟಿನ ಗೆರೆ ಬಾಗಿಲಲ್ಲಿ ನಿಂತವನಿಗೂ ಕಾಣುತ್ತದೆ. ಸಮಕ್ಕೆ ಕೂರಿಸುವವರು ರೀಪು ಹೊಡೆಯುವಾಗಲೇ ನೆಲಕ್ಕೆ ಎಲ್ಲಾದರೂ ಇಳಿಜಾರು ಕೊಡುವುದಿದೆಯೇ ಎಂದು ಕೇಳಿಟ್ಟುಕೊಳ್ಳಬೇಕು.

ಒಳಮೂಲೆ ಸುಲಭ. ಒಳಗೆ ಬಂದವನಿಗೆ ಎದುರಾಗುವ ಗೋಡೆಯ ಪಟ್ಟಿಯನ್ನು ಮೊದಲು ಮೂಲೆಯವರೆಗೆ ಒಯ್ಯಿರಿ, ಅಕ್ಕಪಕ್ಕದ ಪಟ್ಟಿಗಳು ಬಂದು ಅದಕ್ಕೆ ಮುಟ್ಟಲಿ. ಸಂದು ನೋಡುವವನ ಕಣ್ಣಿಗೆ ಅಡ್ಡವಾಗಿ ಮರೆಯಾಗುತ್ತದೆ. ಹೊರಮೂಲೆ, ಅಂದರೆ ಕಂಬದ ಮೂಲೆ, ಗೋಡೆ ತಿರುಗುವ ಜಾಗ, ಅಲ್ಲಿ ಕೈಚಳಕ ಬೇಕು. ಎರಡೂ ಪಟ್ಟಿಯ ತುದಿಯನ್ನು ಹಿಂದಿನಿಂದ 45 ಡಿಗ್ರಿಗೆ ಸವರಿ ಕೂಡಿಸುವುದು ರೂಢಿ. ಆದರೆ ನಮ್ಮ ಗೋಡೆಗಳ ಮೂಲೆ 90 ಇರುವುದು ಅಪರೂಪ. ಮೂಲೆಮಟ್ಟ ಇಟ್ಟು ನೋಡಿ, 88ಕ್ಕೋ 92ಕ್ಕೋ ಬಂದಿರುತ್ತದೆ. ನಮ್ಮ ಮೇಸ್ತ್ರಿ ಅರ್ಧಕ್ಕಿಂತ ಒಂದೆರಡು ಡಿಗ್ರಿ ಹೆಚ್ಚೇ ಸವರುತ್ತಾನೆ. ಆಗ ಮುಂದಿನ ಅಂಚುಗಳು ತಾಗುತ್ತವೆ, ಹಿಂದೆ ಅಂಟು ತುಂಬಲು ಜಾಗ ಉಳಿಯುತ್ತದೆ. ಇನ್ನೊಂದು, ಅವನು ಅಂಚನ್ನು ಕತ್ತಿಯ ಅಲಗಿನಷ್ಟು ಚೂಪು ಮಾಡುವುದಿಲ್ಲ. ಮುಖದ ಕಡೆ ಒಂದು ಮಿಲಿಮೀಟರ್ ದಪ್ಪ ಹಾಗೇ ಬಿಡುತ್ತಾನೆ. ಪೂರ್ತಿ ಚೂಪಾದ ಅಂಚು ಪೊರಕೆಯ ಹಿಡಿ ತಗುಲಿದರೂ ಸಿಡಿಯುತ್ತದೆ. ಆ ಒಂದು ಮಿಲಿಮೀಟರಿನ ಸಂದಿಗೆ ಟೈಲಿನದೇ ಬಣ್ಣದ ಎಪಾಕ್ಸಿ ಗ್ರೌಟ್ ತುಂಬಿ, ಗಟ್ಟಿಯಾಗುವ ಮೊದಲೇ ಒದ್ದೆ ಸ್ಪಂಜಿನಲ್ಲಿ ಒರೆಸಿ ತೆಗೆದ. ಹತ್ತಿರ ಹೋಗಿ ನೋಡಿದರೂ ಅಲ್ಲಿರುವುದು ಕೂದಲಿನಂಥ ಒಂದು ಗೆರೆ.

ಪಟ್ಟಿಯ ಹಿಂದೆ ಏನಿದೆ ಎಂಬುದೂ ಮುಖ್ಯ. ವಿಟ್ರಿಫೈಡ್ ಟೈಲು ನೀರು ಹೀರುವುದು ತನ್ನ ತೂಕದ ಶೇಕಡಾ 0.5ಕ್ಕಿಂತ ಕಡಿಮೆ. ಹೀರದ ಬೆನ್ನಿಗೆ ಬರಿಯ ಸಿಮೆಂಟ್ ಹಾಲು ಕಚ್ಚುವುದಿಲ್ಲ. ಅದಕ್ಕೇ ಕೆಲವು ವರ್ಷಕ್ಕೆ ಪಟ್ಟಿಗಳು ಬೆನ್ನು ಸ್ವಚ್ಛವಾಗಿಯೇ ಕಳಚಿ ಬೀಳುತ್ತವೆ. ಪಾಲಿಮರ್ ಬೆರೆತ ಟೈಲ್ ಅಂಟು ಬಳಸಿ, ಅದನ್ನು ಹಲ್ಲಿನ ಕರಣೆಯಲ್ಲಿ ಬೆನ್ನಿಗೆಲ್ಲ ಹರಡಿ. ಐದು ಕಡೆ ಉಂಡೆ ಇಟ್ಟು ಒತ್ತಿದರೆ ಆ ಹೊತ್ತಿಗೆ ನಿಲ್ಲುತ್ತದೆ, ಆದರೆ ಹಿಂದೆ ಉಳಿದ ಟೊಳ್ಳು ಇರುವೆಗೂ ಜಿರಲೆಗೂ ಸಂಸಾರ ಹೂಡಲು ಹೇಳಿ ಮಾಡಿಸಿದ ಜಾಗ. ಮರುದಿನ ಒಂದು ನಾಣ್ಯದಿಂದ ಉದ್ದಕ್ಕೂ ತಟ್ಟುತ್ತ ಹೋಗಿ. ಟೊಳ್ಳು ಸದ್ದು ಬಂದದ್ದನ್ನು ಮೇಸ್ತ್ರಿ ಊರಲ್ಲಿರುವಾಗಲೇ ತೆಗೆಸಿ ಹಾಕಿಸಿ. ಹಳೆಯ ಗೋಡೆಯಾದರೆ ಪೇಂಟು ಪುಟ್ಟಿ ಕೆರೆದು ಪ್ಲಾಸ್ಟರ್ ಮೈ ಕಾಣಿಸಬೇಕು, ಇಲ್ಲದಿದ್ದರೆ ಅಂಟು ಹಿಡಿಯುವುದು ಪೇಂಟನ್ನು, ಗೋಡೆಯನ್ನಲ್ಲ.

ಬುಡದಲ್ಲಿ ಪೇಂಟು ಗುಳ್ಳೆ ಎದ್ದು ಉಪ್ಪು ಹೂ ಬಿಡುತ್ತಿರುವ ಗೋಡೆಗೆ ಸ್ಕರ್ಟಿಂಗ್ ಎತ್ತರಿಸಿ ಮುಚ್ಚುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ತೇವ ಅಲ್ಲಿ ಹೊರಬರಲಾಗದೆ ಇನ್ನೂ ಮೇಲೆ ಹತ್ತುತ್ತದೆ. ಬಚ್ಚಲ ಕೊಳವೆಯೋ, ಪಾಯದ ಮೇಲೆ ತೇವ ತಡೆಯಲು ಹಾಕುವ ಡಿಪಿಸಿ ಪದರವೋ, ಕಾರಣ ಹುಡುಕಿ ಮೊದಲು ಅದನ್ನು ಸರಿಮಾಡಿಸಿ.

ಕೊನೆಯ ಕೋಟ್ ಪೇಂಟು ಪಟ್ಟಿ ಕೂತಮೇಲೆಯೇ ಆಗಲಿ. ಪಟ್ಟಿಗೂ ಗೋಡೆಗೂ ನಡುವಿನ ಸಂದಿಗೆ ಪುಟ್ಟಿ ಹಾಕಿದರೆ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಸಿಲಿಕೋನ್ ಹಾಕಿದರೆ ಪೇಂಟು ಹಿಡಿಯುವುದಿಲ್ಲ. ಅಕ್ರಿಲಿಕ್ ಸೀಲೆಂಟ್ ಸರಿ. ಪಟ್ಟಿಯ ಮೇಲೆ ಕಾಗದದ ಟೇಪು ಅಂಟಿಸಿ ಬಣ್ಣ ಹೊಡೆಸಿ, ಬಣ್ಣ ಇನ್ನೂ ಹಸಿಯಿರುವಾಗಲೇ ಟೇಪು ಎಳೆದುಬಿಡಿ. ಒಣಗಿದ ಮೇಲೆ ಎಳೆದರೆ ಪೇಂಟಿನ ಅಂಚೂ ಜೊತೆಗೆ ಕಿತ್ತು ಬರುತ್ತದೆ.

ಟೈಲಿನ ಡಬ್ಬಿಯ ಮೇಲೆ ಬ್ಯಾಚು ಮತ್ತು ಶೇಡ್ ನಂಬರು ಅಚ್ಚಾಗಿರುತ್ತದೆ. ನೆಲಕ್ಕೂ ಪಟ್ಟಿಗೂ ಅದು ಒಂದೇ ಇರಬೇಕು. ಎರಡು ಇಡೀ ಟೈಲು ಎತ್ತಿ ಅಟ್ಟದ ಮೇಲಿಡಿ. ಮಂಚ ಸಾಗಿಸುವಾಗ ಕಂಬದ ಮೂಲೆಗೆ ಪೆಟ್ಟು ಬಿದ್ದರೆ ಅದೇ ಬ್ಯಾಚಿನದ್ದು ಆಮೇಲೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.