ಶಾಲು, ಪೇಟ, ಮಾನಪತ್ರ

ದೀಪಾವಳಿ ಕಳೆದು ಮಳೆಯ ಹೆದರಿಕೆ ಹೋಯಿತೆಂದರೆ ಕುಮಟಾ, ಹೊನ್ನಾವರ, ಭಟ್ಕಳದ ಊರುಗಳಲ್ಲಿ ಪೆಂಡಾಲು ಏಳತೊಡಗುತ್ತದೆ. ಶಾಲೆಯ ವಾರ್ಷಿಕೋತ್ಸವ, ಯುವಕ ಸಂಘದ ದಶಮಾನೋತ್ಸವ, ಜಾತಿ ಸಂಘದ ಸಮಾವೇಶ, ಬಯಲಾಟಕ್ಕೆ ಮುಂಚಿನ ಸಭಾ ಕಾರ್ಯಕ್ರಮ. ಕಾರ್ಯಕ್ರಮ ಯಾವುದೇ ಇರಲಿ, ಸನ್ಮಾನವಿಲ್ಲದೆ ಮುಗಿಯುವುದಿಲ್ಲ. ಸನ್ಮಾನಿತರನ್ನು ಕುರ್ಚಿಯಲ್ಲಿ ಕೂರಿಸಿ, ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟು, ಕೊನೆಗೆ ಗಾಜು ಹಾಕಿದ ಮಾನಪತ್ರವನ್ನು ಎಂಟು ಜನ ಸೇರಿ ಹಿಡಿಯುತ್ತಾರೆ. ಫೋಟೋ ತೆಗೆದಾದ ಮೇಲೆ ಶಾಸಕರಿಗೆ ಮುಂದಿನ ಊರಿಗೆ ಹೊತ್ತಾಗಿರುತ್ತದೆ. ಸನ್ಮಾನಿತರಿಗೆ ಮಾತಾಡಲು ಎರಡು ನಿಮಿಷ ಸಿಕ್ಕರೆ ಪುಣ್ಯ.

ಇದನ್ನು ಗೇಲಿ ಮಾಡುವುದು ಸುಲಭ, ನನಗೆ ಅದರಲ್ಲಿ ಆಸಕ್ತಿಯಿಲ್ಲ. ಇಪ್ಪತ್ತು ಮೂವತ್ತು ವರ್ಷ ಅಂಗನವಾಡಿಯಲ್ಲಿ ದುಡಿದ ಹೆಂಗಸೊಬ್ಬಳನ್ನು ಊರೆದುರು ಹೆಸರು ಹಿಡಿದು ಕರೆದು ಕೂರಿಸುವುದು ಸಣ್ಣ ಸಂಗತಿಯಲ್ಲ. ಆ ಶಾಲನ್ನು ಅವಳು ಕಪಾಟಿನಲ್ಲಿ ಜೋಪಾನವಾಗಿ ಇಟ್ಟುಕೊಳ್ಳುತ್ತಾಳೆ. ನನ್ನ ತಕರಾರು ಶಾಲಿನ ಬಗ್ಗೆ ಅಲ್ಲವೇ ಅಲ್ಲ, ಆ ಗಾಜಿನೊಳಗಿನ ಕಾಗದದ ಬಗ್ಗೆ.

ನಮ್ಮ ಕಡೆಯ ಯಾವುದಾದರೂ ಮನೆಯ ಚಾವಡಿಯಲ್ಲಿ ತೂಗುಹಾಕಿದ ಮಾನಪತ್ರವೊಂದನ್ನು ನಿಂತು ಪೂರ್ತಿ ಓದಿ ನೋಡಿ. ‘ಎಲೆಮರೆಯ ಕಾಯಿ’ ಸಿಕ್ಕೇ ಸಿಗುತ್ತದೆ. ‘ಅಜಾತಶತ್ರು’, ‘ಕೊಡುಗೈ ದಾನಿ’, ‘ನಿಸ್ವಾರ್ಥ ಸೇವೆ’, ‘ಸಮಾಜಕ್ಕೆ ಸಲ್ಲಿಸಿದ ಅನುಪಮ ಕೊಡುಗೆ’. ಹುಟ್ಟಿದ ಊರು, ತಂದೆತಾಯಿಯ ಹೆಸರು, ಕೊನೆಗೆ ದೇವರು ಆಯುರಾರೋಗ್ಯ ಕೊಟ್ಟು ಕಾಪಾಡಲಿ ಎಂಬ ಹಾರೈಕೆ. ಈ ಮನುಷ್ಯ ಮಾಡಿದ್ದೇನು? ಯಾವ ವರ್ಷ, ಯಾವ ಕೇರಿಯಲ್ಲಿ, ಯಾರ ಜೊತೆ, ಯಾರನ್ನು ಎದುರುಹಾಕಿಕೊಂಡು? ಒಂದು ಸಾಲೂ ಇರುವುದಿಲ್ಲ. ಹೆಸರೊಂದನ್ನು ಬದಲಿಸಿದರೆ ಅದೇ ಪತ್ರ ಗುತ್ತಿಗೆದಾರನಿಗೂ ಸೂಲಗಿತ್ತಿಗೂ ಸಲ್ಲುತ್ತದೆ. ಡಿಟಿಪಿ ಅಂಗಡಿಯಲ್ಲಿ ಬಹುತೇಕ ನಡೆಯುವುದೂ ಅದೇ.

ಬರವಣಿಗೆ ಕೆಟ್ಟದಾಗಿದೆ ಎಂದಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ನಮ್ಮ ಮೂರು ತಾಲೂಕುಗಳ ಸಣ್ಣಪುಟ್ಟ ಸೇವಾಕಾರ್ಯಗಳಿಗೆ ಬೇರೆ ಚರಿತ್ರೆ ಎಲ್ಲಿದೆ? ಗೆಜೆಟಿಯರಿನಲ್ಲಿ ಅವು ಬರುವುದಿಲ್ಲ. ಪಂಚಾಯಿತಿ ಠರಾವಿನಲ್ಲಿ ಖರ್ಚಿನ ಲೆಕ್ಕವಿರುತ್ತದೆ, ಓಡಾಡಿದವರ ಹೆಸರಿರುವುದಿಲ್ಲ. ಅಂಥವರ ಬಗ್ಗೆ ಊರು ತಾನಾಗಿ ಬರೆದು ಸಹಿ ಹಾಕಿ ಕೊಡುವ ಕಾಗದ ಬಹುಪಾಲು ಈ ಮಾನಪತ್ರವೊಂದೇ. ಅದನ್ನೂ ವಿಶೇಷಣಗಳಿಂದ ತುಂಬಿಸಿಬಿಟ್ಟರೆ ಮೊಮ್ಮಕ್ಕಳ ಕಾಲಕ್ಕೆ ಚೌಕಟ್ಟು ಉಳಿಯುತ್ತದೆ, ಕೆಲಸ ಅಳಿಸಿಹೋಗುತ್ತದೆ.

ಹೊನ್ನಾವರದ ಹೊಳೆ ದಾಟಿದರೆ ಸಿಗುವ ಕಾಸರಕೋಡನ್ನೇ ತೆಗೆದುಕೊಳ್ಳಿ. ಡಾ. ಕುಸುಮಾ ಸೊರಬ ಎಪ್ಪತ್ತರ ದಶಕದಲ್ಲಿ ಅಲ್ಲಿ ಸ್ನೇಹಕುಂಜ ಎಂಬ ಸಂಸ್ಥೆ ಕಟ್ಟಿದರು. ವೈದ್ಯೆಯಾಗಿ ಹಳ್ಳಿಗಳಿಗೆ ಹೋದವರು ರೋಗದ ಮೂಲ ಹುಡುಕುತ್ತ ಕಾಡು, ನೀರು, ಅಣೆಕಟ್ಟುಗಳ ಪ್ರಶ್ನೆಗೆ ಬಂದು ನಿಂತರು, ಪಶ್ಚಿಮ ಘಟ್ಟದ ಪರಿಸರ ಚಳವಳಿಯ ಮುಂಚೂಣಿಗೆ ಬಂದರು. 1998ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಸಂಸ್ಥೆ ನಿಲ್ಲಲಿಲ್ಲ. 2021ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಸ್ನೇಹಕುಂಜಕ್ಕೆ ಬಂತು. ಆ ಪ್ರಶಸ್ತಿಗೆ ಕಾರಣ ಹೇಳುವಾಗ ‘ನಿಸ್ವಾರ್ಥ’ ಎಂಬ ಮಾತಿನ ಹಂಗು ಬೇಕಾಗಲಿಲ್ಲ. ಘಟ್ಟ ಮತ್ತು ಕರಾವಳಿಯ ಜೌಗು ನೆಲಗಳನ್ನು ಊರವರನ್ನೇ ಸೇರಿಸಿಕೊಂಡು ನಾಲ್ಕೂವರೆ ದಶಕ ಕಾಪಾಡಿಕೊಂಡು ಬಂದದ್ದನ್ನು ಹೇಳಿದರು, ಅಷ್ಟೇ ಸಾಕಾಯಿತು. ದೂರದ ನ್ಯೂಯಾರ್ಕಿನವರಿಗೆ ಕೆಲಸದ ಹೆಸರು ಹೇಳಲು ಬರುತ್ತದೆ. ಸಂತೇಗುಳಿಯ ವೇದಿಕೆಯ ನಿರೂಪಕರಿಗೇಕೆ ಬರಬಾರದು?

ಹಾಗೆಂದು ದೊಡ್ಡ ಪ್ರಶಸ್ತಿಗಳೆಲ್ಲ ಸರಿಯಾಗಿ ನೋಡುತ್ತವೆ ಎಂದೇನೂ ಇಲ್ಲ. ಕುಮಟಾಕ್ಕೆ ತಾಗಿಕೊಂಡ ಅಂಕೋಲೆಯ ಹಾಲಕ್ಕಿ ಸಮುದಾಯದ ಇಬ್ಬರು ಹೆಂಗಸರಿಗೆ ಪದ್ಮಶ್ರೀ ಬಂತು. ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಾಗಿ ಸೇರಿ ದಶಕಗಳ ಕಾಲ ಬೀಜ ಆರಿಸಿ ಸಸಿ ಎಬ್ಬಿಸಿದವರು. 2020ರ ಪಟ್ಟಿಯಲ್ಲಿ ಅವರನ್ನು ಸಮಾಜಸೇವೆಯ ವಿಭಾಗದಲ್ಲಿ ಸೇರಿಸಿದರು. ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಹಾಡುಗಳ ಕಣಜ, ಅದರ ಜೊತೆಗೆ ತಮ್ಮ ಕೇರಿಯಲ್ಲಿ ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿ ನಿಂತವರು. 2017ರಲ್ಲಿ ಅವರಿಗೆ ಬಂದ ಪದ್ಮಶ್ರೀ ಕಲೆಯ ವಿಭಾಗದ್ದು. ಹಾಡಿಗೆ ಗೌರವ ಸಂದಿತು, ಸಾರಾಯಿ ಅಂಗಡಿಯ ಎದುರಿನ ಜಗಳ ಅಧಿಕೃತ ಕಾಗದದಲ್ಲಿ ಹಿಂದೆ ಸರಿಯಿತು. ನನ್ನ ಲೆಕ್ಕದಲ್ಲಿ ಅದು ಹಾಡಿಗಿಂತ ಕಡಿಮೆಯದಲ್ಲ. ತುಳಸಿ ಗೌಡರು 2024ರ ಡಿಸೆಂಬರಿನಲ್ಲಿ, ಸುಕ್ರಿ ಬೊಮ್ಮಗೌಡರು 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ನುಡಿನಮನದ ಬ್ಯಾನರುಗಳಲ್ಲಿ ಇಬ್ಬರಿಗೂ ಮತ್ತದೇ ಗುಣವಾಚಕಗಳು.

ಇದೆಲ್ಲದಕ್ಕೂ ಹಿಂದೆಯೇ ಒಂದು ಬೇರೆ ದಾರಿ ತೋರಿಸಿದವರು ದಿನಕರ ದೇಸಾಯಿ. ಚುಟುಕು ಬರೆದವರೆಂದೇ ನಾಡಿಗೆ ಗೊತ್ತು. ರೈತರನ್ನು ಸಂಘಟಿಸಿದ್ದಕ್ಕೆ 1940ರಲ್ಲಿ ಬ್ರಿಟಿಷ್ ಸರ್ಕಾರ ಅವರನ್ನು ನಮ್ಮ ಉತ್ತರ ಕನ್ನಡ ಜಿಲ್ಲೆಯಿಂದಲೇ ಗಡಿಪಾರು ಮಾಡಿತ್ತು. 1953ರಲ್ಲಿ ಅವರು ಶುರುಮಾಡಿದ ಕೆನರಾ ವೆಲ್‌ಫೇರ್ ಟ್ರಸ್ಟಿನ ಶಾಲೆಗಳು ಮಿರ್ಜಾನ, ಮುರ್ಡೇಶ್ವರ, ಶಿರಾಲಿಗಳಲ್ಲಿ ಇವೆ. ಹೆಸರು ಜನತಾ ವಿದ್ಯಾಲಯ. ಅದೇ ಟ್ರಸ್ಟಿನ ಅಂಕೋಲೆಯ ಕಾಲೇಜಿಗೆ ಗೋಖಲೆಯವರ ಹೆಸರು. ತನ್ನ ಹೆಸರನ್ನು ಗೋಡೆಗೆ ಬರೆಸದ ಮನುಷ್ಯನ ಕೆಲಸ ದಿನವೂ ಗಂಟೆ ಹೊಡೆದು ಶುರುವಾಗುತ್ತದೆ. ಆ ಶಾಲೆಗಳಲ್ಲಿ ಓದಿದವರೇ ಇವತ್ತು ಶಾಲು ತರಿಸುವ ಸಮಿತಿಗಳಲ್ಲಿ ಕೂತಿದ್ದಾರೆ, ಇದೊಂದು ತಮಾಷೆ.

ಭಟ್ಕಳದ ಸಂಗತಿ ಇನ್ನೂ ಸೂಕ್ಷ್ಮ. ಇಲ್ಲಿ ಪ್ರತಿ ಸಮಾಜಕ್ಕೂ ಅದರದೇ ಸಂಘ, ಅದರದೇ ವೇದಿಕೆ. ಮುಸ್ಲಿಂ ಸಮಾಜದ ಮಜ್ಲಿಸೆ ಇಸ್ಲಾಹ್ ವ ತಂಜೀಮ್ 1912ರದು, ಅಂಜುಮನ್ 1919ರದು. ನಾಮಧಾರಿ, ಕೊಂಕಣಿ, ದೇವಾಡಿಗ, ಮೊಗೇರ ಸಮಾಜಗಳೂ ತಮ್ಮವರನ್ನು ಗೌರವಿಸುತ್ತವೆ. ತಪ್ಪೇನಿಲ್ಲ. ಆದರೆ ಒಂದು ಸಮಾಜದಿಂದ ಇನ್ನೊಂದಕ್ಕೆ ದಾಟಿ ಮಾಡಿದ ಕೆಲಸ ಯಾರ ವೇದಿಕೆಗೆ ಬರಬೇಕು? 1993ರ ಗಲಭೆಯ ತಿಂಗಳುಗಳಲ್ಲಿ ಊರು ಹೇಗೆ ಒಡೆದಿತ್ತೆಂದು ಅದರ ತನಿಖೆ ನಡೆಸಿದ ಜಗನ್ನಾಥ ಶೆಟ್ಟಿ ಆಯೋಗದ ಕಾಲದಿಂದ ಎಲ್ಲರಿಗೂ ಗೊತ್ತು. 2022ರ ಆಗಸ್ಟ್ ಆರಂಭದ ಮಳೆಗೆ ಪೇಟೆಯೊಳಗೆ ನೀರು ನುಗ್ಗಿತು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಹೋದರು. ಅಂಥ ಹೊತ್ತಿನಲ್ಲಿ ಇನ್ನೊಬ್ಬರ ಅಂಗಡಿಯ ಕೆಸರು ಬಳಿದವರ ಜಾತಿ ಯಾವುದೆಂದು ಅಂಗಡಿಯವ ಕೇಳುವುದಿಲ್ಲ. ಸನ್ಮಾನದ ಪಟ್ಟಿ ಬರೆಯುವಾಗ ಮಾತ್ರ ಕೇಳಲಾಗುತ್ತದೆ. ಹೀಗಾಗಿ ಊರಿಗೆ ತೀರ ಬೇಕಾದ ಕೆಲಸವೇ ಎರಡು ವೇದಿಕೆಗಳ ನಡುವಿನ ಸಂದಿಯಲ್ಲಿ ಬಿದ್ದುಹೋಗುತ್ತದೆ.

ಇನ್ನು ಆಶಾ ಕಾರ್ಯಕರ್ತೆಯರು. ಮಾರ್ಚ್ 8 ಬಂದರೆ ಇವರಿಗೆ ಎಲ್ಲೆಡೆ ಶಾಲು. ಬಸುರಿಯ ಹೆಸರು ಬರೆದುಕೊಳ್ಳುವುದರಿಂದ ಹಿಡಿದು ನಡುರಾತ್ರಿ ಹೆರಿಗೆಗೆ ಆಸ್ಪತ್ರೆಗೆ ಒಯ್ಯುವವರೆಗೆ, ಕೋವಿಡ್ ಕಾಲದಲ್ಲಿ ಮನೆಮನೆ ಸುತ್ತಿದ್ದುದರವರೆಗೆ ಇವರ ಕೆಲಸಕ್ಕೆ ರಿಜಿಸ್ಟರಿನಲ್ಲೇ ದಾಖಲೆಯಿದೆ. ಮಾನಪತ್ರ ಬರೆಯುವವರು ಅದನ್ನೊಂದು ಬಾರಿ ತೆರೆದರೆ ವಿಶೇಷಣ ಹುಡುಕುವ ಕಷ್ಟವೇ ಇಲ್ಲ. ಇದೇ ಕಾರ್ಯಕರ್ತೆಯರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದು ಎದ್ದರು. ಎರಡು ತಿಂಗಳು ಕಳೆದು ಮಹಿಳಾ ದಿನ ಬಂದಾಗ ವೇದಿಕೆಯ ಮೇಲಿನ ಭಾಷಣಗಳು ಅವರ ತ್ಯಾಗವನ್ನು ಹೊಗಳುವ ಹಳೆಯ ಭಾಷಣಗಳೇ ಆಗಿದ್ದವು. ಹತ್ತು ಸಾವಿರದ ಸುದ್ದಿ ಎತ್ತುವುದು ಸಭಾಮರ್ಯಾದೆ ಅಲ್ಲವೆಂದು ಸಂಘಟಕರು ಭಾವಿಸುತ್ತಾರೆ.